ಏಳು ಜನ, ಹಿಂದೆ ಒಂದು ಟ್ರಾಲಿ, ಕೈಯಲ್ಲಿ 16 ಲಕ್ಷ: ಯಾವ ಗಾಡಿ ತಗೊಳ್ಳಲಿ?

ಒಗ್ಗರಣೆ ಮಿರ್ಚಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಏಳು ಜನ ಇದ್ದೇವೆ. ಅಪ್ಪ, ಅವ್ವ, ನಾನು, ನನ್ನಾಕೆ, ತಮ್ಮ, ಇಬ್ಬರು ಮಕ್ಕಳು. ಅಪ್ಪನಿಗೆ ಮಂಡಿ ನೋವು. ಈಗಿರೋದು ಹಳೆಯ ಟವೇರಾ. ಕಂಪನಿಯೇ 2017ರಲ್ಲಿ ದೇಶದಲ್ಲಿ ಮಾರಾಟ ನಿಲ್ಲಿಸಿದ ಮೇಲೆ ಸ್ಪೇರ್ ಹುಡುಕೋದೇ ಒಂದು ಕೆಲಸ ಆಗಿದೆ. ಈ ವರ್ಷ ಬದಲಿಸಲೇಬೇಕು.

ಬರೀ ಏಳು ಸೀಟಿನ ಗಾಡಿ ಆಗಿದ್ದರೆ ಕೇಳುತ್ತಿರಲಿಲ್ಲ. ನಮ್ಮದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿ. ಜಾತ್ರೆ ಬಂತೆಂದರೆ ಎರಡು ಚಕ್ರದ ಟ್ರಾಲಿ ಮೇಲೆ ಅಂಗಡಿ ಹೊರಡುತ್ತದೆ. ಒಲೆ, ಬಾಣಲೆ, ಸಿಲಿಂಡರ್, ಟೇಬಲ್ಲು, ಮೇಲಕ್ಕೆ ತಗಡು. ಗವಿಮಠದ ಜಾತ್ರೆ ಊರಲ್ಲೇ ಆಯಿತು. ಹುಲಿಗಿ, ಕೊಟ್ಟೂರು, ಮೈಲಾರಕ್ಕೆ ಹೋಗುವಾಗ ಟ್ರಾಲಿ ಎಳೆಯೋಕೆ ಬಾಡಿಗೆ ಪಿಕಪ್, ಮನೆಯವರಿಗೆ ಟವೇರಾ. ಎರಡು ಡೀಸೆಲ್ ಖರ್ಚು. ಒಂದೇ ಗಾಡಿಯಲ್ಲಿ ಎರಡೂ ಆಗಬೇಕು ಅಂತ ಆಸೆ.

ಬಜೆಟ್ಟು ಎಲ್ಲಾ ಸೇರಿ 16 ಲಕ್ಷ. ನನಗೆ ಸ್ಕಾರ್ಪಿಯೊ-ಎನ್ ಮೇಲೆ ಮನಸ್ಸು. ತಮ್ಮ ಸಫಾರಿ ಅಂತಾನೆ. ನನ್ನಾಕೆ ಎರ್ಟಿಗಾ ಸಾಕು ಅಂತಾಳೆ. ಅಪ್ಪ ಬೊಲೆರೊ ಬಿಟ್ಟು ಬೇರೆ ಹೆಸರು ಹೇಳಲ್ಲ. ನೀವು ಏನಂತೀರಿ?

ಡೀಸೆಲ್ ಕಾಕಾ, ರಾಯಚೂರು

ತಮ್ಮಾ, ಗಾಡಿ ಆಮೇಲೆ. ಮೊದಲು ಟ್ರಾಲಿ ತೂಕ ಎಷ್ಟು? ಅದನ್ನೇ ಬರೆದಿಲ್ಲ ನೀನು.

ಒಗ್ಗರಣೆ ಮಿರ್ಚಿ

ಕಾಕಾ, ಅಂದಾಜು ಐದಾರು ಕ್ವಿಂಟಲ್ ಇರಬಹುದು.

ಡೀಸೆಲ್ ಕಾಕಾ

ಅಂದಾಜು ಬೇಡ. ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ ಸಾಲಿನಲ್ಲಿ ಎಲ್ಲಿ ನೋಡಿದರೂ ವೇಬ್ರಿಡ್ಜ್ ಇವೆ. ಜಾತ್ರೆಗೆ ಹೊರಡುವಾಗ ಹೇಗೆ ತುಂಬುತ್ತೀಯೋ ಹಾಗೇ ತುಂಬಿಕೊಂಡು ಹೋಗು. ಟ್ರಾಲಿ ಒಂದನ್ನೇ ಬಿಚ್ಚಿ ಕಾಟಾ ಮೇಲೆ ನಿಲ್ಲಿಸಿ ಚೀಟಿ ತಗೋ. ಖಾಲಿ ತೂಕ ಬೇರೆ, ತುಂಬಿದ ತೂಕ ಬೇರೆ.

ಇನ್ನೊಂದು. ಮನೆಯಲ್ಲಿ ನಿಂತು ತೂಕ ನೋಡೋ ಯಂತ್ರ ಇದ್ದರೆ ಅದರ ಮೇಲೆ ಒಂದು ಹಲಗೆ ಇಡು. ಟ್ರಾಲಿಯನ್ನು ಸಮನೆಲದಲ್ಲಿ, ಗಾಡಿಗೆ ಸಿಕ್ಕಿಸುವ ಎತ್ತರಕ್ಕೇ ಇಟ್ಟು ಅದರ ಮೂತಿಯನ್ನು, ಅಂದರೆ ಗಾಡಿಗೆ ಸಿಕ್ಕಿಸುವ ತುದಿಯನ್ನು, ಹಲಗೆ ಮೇಲೆ ಕೂರಿಸು. ಎಷ್ಟು ಕೆಜಿ ತೋರಿಸುತ್ತದೋ ಅದು ಮೂತಿ ಭಾರ. ಗಾಡಿಯ ಬೆನ್ನ ಮೇಲೆ ಬೀಳೋದು ಅದೇ. ಒಟ್ಟು ತೂಕದ ನೂರಕ್ಕೆ ಏಳರಿಂದ ಹತ್ತರಷ್ಟು ಇದ್ದರೆ ಟ್ರಾಲಿ ನೆಟ್ಟಗೆ ಬರುತ್ತದೆ. ಕಮ್ಮಿ ಇದ್ದರೆ ಸ್ಪೀಡಿನಲ್ಲಿ ಬಾಲ ಆಡಿಸುತ್ತದೆ.

ತುಂಗಭದ್ರಾ ದಂಡೆ, ಸಿರುಗುಪ್ಪ

ಇಷ್ಟೆಲ್ಲಾ ಯಾಕೆ? ಸ್ಕಾರ್ಪಿಯೊ-ಎನ್ ಕಣ್ಣು ಮುಚ್ಚಿ ತಗೊಳ್ಳಿ. ಆಸ್ಟ್ರೇಲಿಯಾದಲ್ಲಿ ಅದೇ ಗಾಡಿಗೆ 2,500 ಕೆಜಿ ಎಳೆಯೋ ಸಾಮರ್ಥ್ಯ ಅಂತ ಕಂಪನಿಯೇ ಬರೆದುಕೊಂಡಿದೆ. ನಿಮ್ಮ ಮಿರ್ಚಿ ಬಂಡಿ ಅದಕ್ಕೆ ಯಾವ ಲೆಕ್ಕ?

ಗ್ಯಾರೇಜ್ ಬಾಗಿಲು, ಬಳ್ಳಾರಿ

ದಂಡೆ ಅಣ್ಣ, ಅರ್ಧ ಓದಿದ್ದೀರಿ. ಆ 2,500 ಕೆಜಿ ಬ್ರೇಕ್ ಇರುವ ಟ್ರೇಲರ್‌ಗೆ ಮಾತ್ರ. ಅಲ್ಲಿ ಮಾರೋದು 175 ಪಿಎಸ್ ಶಕ್ತಿಯ ಡೀಸೆಲ್, ಆಟೋಮ್ಯಾಟಿಕ್, 4x4 ಅಂದರೆ ನಾಲ್ಕೂ ಚಕ್ರಕ್ಕೆ ಡ್ರೈವ್. 400 ಎನ್ಎಂ ಟಾರ್ಕ್, ಅಂದರೆ ಎಳೆಯೋ ಬಲ. ಇಲ್ಲಿ ಕಡಿಮೆ ಬೆಲೆಯ ಜೆಡ್2 ಡೀಸೆಲ್ 132 ಪಿಎಸ್, 300 ಎನ್ಎಂ, ಮ್ಯಾನುಯಲ್, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಹೆಸರು ಒಂದೇ ಅಂತ ಅಲ್ಲಿನ ಅಂಕಿ ಇಲ್ಲಿಗೆ ತರೋಕಾಗಲ್ಲ. ಇಲ್ಲಿನ ಗಾಡಿಗೆ ಇಲ್ಲಿನ ಪುಸ್ತಕವೇ ಪ್ರಮಾಣ. ಗಾಡಿ ಜೊತೆ ಕೊಡುವ ಓನರ್ಸ್ ಮ್ಯಾನುಯಲ್‌ನಲ್ಲಿ ಟ್ರೇಲರ್ ಅನ್ನೋ ಪುಟ ಹುಡುಕಿ. ಕೆಲವು ಕಂಪನಿಗಳು ಎಳೆಯಲೇಬೇಡಿ ಅಂತ ಬರೆದಿರುತ್ತವೆ. ಹಾಗಿದ್ದರೆ ಆ ಗಾಡಿ ಕಥೆ ಅಲ್ಲಿಗೆ ಮುಗೀತು.

ಬ್ರೇಕ್ ಇಲ್ಲದ ಟ್ರೇಲರ್‌ಗೆ ಯುರೋಪು, ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 750 ಕೆಜಿ ಮಿತಿ. ನಮ್ಮ ಕಡೆ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಮಾಡಿಸಿದ ಟ್ರಾಲಿಗೆ ಬ್ರೇಕ್ ಎಲ್ಲಿರುತ್ತದೆ? ನಿಲ್ಲಿಸೋ ಕೆಲಸ ಪೂರ್ತಿ ಮುಂದಿನ ಗಾಡಿಯದೇ. ಎಳೆಯೋದು ದೊಡ್ಡ ಮಾತಲ್ಲ ಸರ್, ಯಾವ ಡೀಸೆಲ್ ಬೇಕಾದರೂ ಎಳೆಯುತ್ತದೆ. ನಿಲ್ಲಬೇಕಲ್ವಾ?

ಒಗ್ಗರಣೆ ಮಿರ್ಚಿ

ಕಾಟಾ ಮೇಲೆ ನಿಲ್ಲಿಸಿ ಬಂದೆ ಕಾಕಾ. ಖಾಲಿ 410 ಕೆಜಿ. ತುಂಬಿದ ಮೇಲೆ 830. ಮೂತಿ ಭಾರ ಬರೀ 30 ಕೆಜಿ. ಬಾಡಿಗೆ ಪಿಕಪ್ ಡ್ರೈವರ್ ಯಾವಾಗಲೂ "ನಿಮ್ಮ ಟ್ರಾಲಿ ಕುಣೀತದ ರೀ" ಅಂತಿದ್ದ.

ಡೀಸೆಲ್ ಕಾಕಾ

ಒಲೆ, ಸಿಲಿಂಡರ್ ಎಲ್ಲಿ ಇಡ್ತೀಯ?

ಒಗ್ಗರಣೆ ಮಿರ್ಚಿ

ಹಿಂದೆ. ಗಿರಾಕಿ ಹಿಂದಿನ ಕಡೆಯಿಂದ ಬರ್ತಾರೆ, ಅಲ್ಲೇ ಕರೀತೀವಿ.

ಡೀಸೆಲ್ ಕಾಕಾ

ಕರೆಯೋವಾಗ ಹಿಂದೆ ಇರಲಿ, ದಾರಿಯಲ್ಲಿ ಮುಂದೆ ಬರಲಿ. ಭಾರದ ಸಾಮಾನೆಲ್ಲ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ, ಕೆಳಗೆ. ಹಿಂದಕ್ಕೆ ಮಂಡಕ್ಕಿ ಚೀಲ ಹಾಕು, ಅದಕ್ಕೆ ತೂಕ ಎಲ್ಲಿದೆ? ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಬೆಲ್ಟು ಕಟ್ಟು. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಮಲಗಿಸಿಕೊಂಡು ಹೋಗಬೇಡ. ಜಾಗ ಇಲ್ಲ ಅಂತ ಗಾಡಿ ಒಳಗೆ ಜನರ ಜೊತೆಯಂತೂ ಇಡಲೇಬೇಡ.

ಆಮೇಲೆ 830ನ್ನು 750ರ ಒಳಗೆ ಇಳಿಸು. ಏನೇನು ಹೊರುತ್ತೀಯ?

ಒಗ್ಗರಣೆ ಮಿರ್ಚಿ

ಎಣ್ಣೆ ಡಬ್ಬಿ ಆರು, ಕಡಲೆ ಹಿಟ್ಟು ಒಂದು ಚೀಲ. ಎರಡೂ ಕೊಟ್ಟೂರಲ್ಲೇ ಸಿಗುತ್ತವೆ, ಅಲ್ಲೇ ತಗೋಬಹುದು. ನಮ್ಮ ಅಂಗಡಿಯ ಎಣ್ಣೆ ರೇಟು ಚೂರು ಕಮ್ಮಿ ಅಂತ ಹೊತ್ತುಕೊಂಡು ಹೋಗ್ತಿದ್ದೆವು.

ಬಿಸಿಲೂರು, ರಾಯಚೂರು

ಅಣ್ಣ, ಒಂದು ಮಾತು. ಗವಿಮಠದ ದಾಸೋಹದಲ್ಲಿ ಭಕ್ತರಿಗೆ ಲಕ್ಷಗಟ್ಟಲೆ ಮಿರ್ಚಿ ಕರೆದು ಪುಗಸಟ್ಟೆ ಬಡಿಸ್ತಾರೆ. ಅಲ್ಲಿ ನಿಮ್ಮ ಮಿರ್ಚಿ ಯಾರು ತಗೋತಾರೆ?

ಒಗ್ಗರಣೆ ಮಿರ್ಚಿ

ದಾಸೋಹದಲ್ಲಿ ಉಂಡವರೇ ಸಂಜೆ ನಮ್ಮ ಕಡೆ ಬರ್ತಾರೆ ಬಿಡ್ರಿ. ಜಾತ್ರೆಯಲ್ಲಿ ಹೊಟ್ಟೆಗೆ ಲೆಕ್ಕ ಇಲ್ಲ.

ಎರೆಹೊಲ, ಸಿಂಧನೂರು

ನಿಮ್ಮ ತಮ್ಮನ ಸಫಾರಿ ಆಸೆಗೆ ನೀರು ಹಾಕಬೇಕಾಗುತ್ತದೆ. ಗಾಡಿ ಚೆನ್ನಾಗಿದೆ, ಮೂರನೇ ಸಾಲೂ ಪರವಾಗಿಲ್ಲ, 2.0 ಡೀಸೆಲ್‌ಗೆ 170 ಪಿಎಸ್ ಇದೆ. ಆದರೆ ಮುಂದಿನ ಚಕ್ರ ಎಳೆಯುತ್ತದೆ. ಟ್ರಾಲಿ ಮೂತಿ ಹಿಂದೆ ಒತ್ತಿದಾಗ ಮುಂಭಾಗ ಹಗುರ ಆಗುತ್ತದೆ. ಎಳೆಯೋ ಚಕ್ರಕ್ಕೇ ಹಿಡಿತ ಕಮ್ಮಿ. ತಾರ್ ರೋಡಲ್ಲಿ ನಡೆದೀತು. ಜಾತ್ರೆ ಅಂದರೆ ಪಾರ್ಕಿಂಗು ಯಾವುದೋ ಹೊಲದಲ್ಲಿ. ನಮ್ಮ ಕಡೆ ಎರೆ ಮಣ್ಣು ಒಂದು ಮಳೆ ಕಂಡರೆ ಸಾಕು, ಚಕ್ರಕ್ಕೆ ಮೆತ್ತಿಕೊಂಡು ಟೈರಿನ ಗೆರೆಯೇ ಕಾಣಲ್ಲ. ಅಲ್ಲಿ ಮುಂದಿನ ಚಕ್ರದ ಗಾಡಿ ಟ್ರಾಲಿ ಸಮೇತ ಹೊರಗೆ ಬರೋದು ಟ್ರ್ಯಾಕ್ಟರ್ ಕರೆಸಿದರೆ ಮಾತ್ರ.

ಎರ್ಟಿಗಾ, ಕಾರೆನ್ಸ್, ಇನ್ನೋವಾ ಹೈಕ್ರಾಸ್ ಕೂಡ ಮುಂದಿನ ಚಕ್ರದವೇ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾ, ಫಾರ್ಚುನರ್ ಇವು ಚಾಸಿ, ಅಂದರೆ ಬೇರೆ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ ಗಾಡಿಗಳು, ಹಿಂದಿನ ಚಕ್ರ ತಳ್ಳುತ್ತದೆ. ಟ್ರಾಲಿ ಕಟ್ಟುವ ಹುಕ್ಕು ಹಾಕೋಕೂ ಗಟ್ಟಿ ಕಬ್ಬಿಣ ಸಿಗುತ್ತದೆ.

ತುಂಗಭದ್ರಾ ದಂಡೆ

ನಮ್ಮೂರಲ್ಲಿ ಒಬ್ಬರು ಎರ್ಟಿಗಾ ಹಿಂದೆ ಜನರೇಟರ್ ಕಟ್ಟಿಕೊಂಡು ಮದುವೆ ಮದುವೆ ತಿರುಗುತ್ತಾರೆ. ಏನೂ ಆಗಿಲ್ಲ.

ಗ್ಯಾರೇಜ್ ಬಾಗಿಲು

ಅವರ ಕ್ಲಚ್ಚು ಎಷ್ಟು ಸಲ ಬದಲಾಗಿದೆ ಕೇಳಿ ಅಣ್ಣ.

ಸಿರುಗುಪ್ಪದ ಸೊಸೆ

ಎಲ್ಲರೂ ಎಂಜಿನ್ನು, ಚಾಸಿ ಅಂತಿದ್ದೀರಿ. ಮೂರನೇ ಸಾಲಿನಲ್ಲಿ ಯಾರು ಕೂರುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಆ ಜಾಗದಲ್ಲಿ ವರ್ಷಗಟ್ಟಲೆ ಕೂತವಳು ನಾನು, ಅದಕ್ಕೆ ಹೇಳ್ತೀನಿ.

ಬೊಲೆರೊ, ಬೊಲೆರೊ ನಿಯೊ ಎರಡರಲ್ಲೂ ಹಿಂದಿನದು ಅಡ್ಡ ಸೀಟು, ಎದುರುಬದುರು ಕೂರೋದು. ಬ್ರೇಕ್ ಹಾಕಿದರೆ ಮುಂದಕ್ಕಲ್ಲ, ಪಕ್ಕಕ್ಕೆ ಜಾರುತ್ತೇವೆ. ಹಿಂದಿನ ಬಾಗಿಲಿನಿಂದಲೇ ಹತ್ತಬೇಕು. ಅಣ್ಣ, ಆ ಬಾಗಿಲಿನ ಮುಂದೆ ಟ್ರಾಲಿ ಮೂತಿ ಕಟ್ಟಿದ ಮೇಲೆ ಹತ್ತೋದು ಹೇಗೆ, ಇಳಿಯೋದು ಹೇಗೆ? ಯೋಚನೆ ಮಾಡಿದ್ದೀರಾ? ಸೀರೆ ಉಟ್ಟ ಅವ್ವ ಟ್ರಾಲಿ ಸರಳು ದಾಟಿ ಹತ್ತಬೇಕಾ?

ಸ್ಕಾರ್ಪಿಯೊ-ಎನ್‌ನಲ್ಲಿ ಸೀಟು ಮುಂದಕ್ಕೆ ಮುಖ ಮಾಡಿವೆ, ಸರಿ. ಆದರೆ ಮೂರನೇ ಸಾಲಿಗೆ ಎಸಿ ಗಾಳಿಗಂಡಿ ಇಲ್ಲ. ರಾಯಚೂರು ಬಿಸಿಲು 40 ಡಿಗ್ರಿ ದಾಟಿದಾಗ ಹಿಂದೆ ಕೂತು ನೋಡಿ. ಕಾಲು ಚಾಚೋಕೂ ಜಾಗ ಕಮ್ಮಿ. ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಹಿಂದೆ ಲಗೇಜಿಗೆ ಒಂದು ಚೀಲದ ಜಾಗವೂ ಕಷ್ಟ. ಇನ್ನೋವಾ ಕ್ರಿಸ್ಟಾದಲ್ಲಿ ಚಾವಣಿಯಿಂದಲೇ ಎಲ್ಲಾ ಸಾಲಿಗೂ ಎಸಿ ಬರುತ್ತದೆ. ನೆಲ ಅಷ್ಟು ಎತ್ತರ ಇಲ್ಲ, ಮಂಡಿ ನೋವಿನ ಮಾವನವರು ಹತ್ತುತ್ತಾರೆ. ನಮ್ಮ ಮನೆಯಲ್ಲಿ ವಾದ ಮುಗಿದದ್ದು ಅಲ್ಲೇ.

ಒಗ್ಗರಣೆ ಮಿರ್ಚಿ

ಅಕ್ಕ, ಹಿಂದಿನ ಬಾಗಿಲ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. "ಹಂಗಾದ್ರ ಬೊಲೆರೊ ಬ್ಯಾಡ" ಅಂದರು. ನಾನು ಎಷ್ಟು ದಿನದಿಂದ ಹೇಳಿದರೂ ಕೇಳಿರಲಿಲ್ಲ.

ಲೆಕ್ಕದ ಪುಸ್ತಕ, ಹೊಸಪೇಟೆ

ನಾನು ದುಡ್ಡಿನ ಮಾತು ಆಡ್ತೀನಿ. 16 ಲಕ್ಷ ಎಲ್ಲಾ ಸೇರಿ ಅಂದಿದ್ದೀರಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 10ರಿಂದ 20 ಲಕ್ಷದ ಗಾಡಿಗೆ ಶೇ. 17. ಆ ತೆರಿಗೆ ಮೊತ್ತದ ಮೇಲೆ ಶೇ. 11 ಸೆಸ್ಸು. ಎರಡೂ ಸೇರಿ ಸುಮಾರು ಶೇ. 18.87. ಶೋರೂಂ ಬೆಲೆ 13 ಲಕ್ಷ ಇದ್ದರೆ ತೆರಿಗೆಯೇ ಹತ್ತಿರ ಹತ್ತಿರ 2.45 ಲಕ್ಷ. ಇನ್ಶೂರೆನ್ಸ್ ಬೇರೆ. 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮುಂಗಡ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದು ಐಟಿ ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತದೆ. ಅಂದರೆ ನಿಮ್ಮ 16 ಲಕ್ಷ ಶೋರೂಂ ಬೆಲೆಯಲ್ಲಿ 13 ಲಕ್ಷಕ್ಕಿಂತ ಚೂರು ಕಮ್ಮಿ. ಹೊಸದರಲ್ಲಿ ಸ್ಕಾರ್ಪಿಯೊ ಕೆಳಗಿನ ಮಾಡೆಲ್ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ ಅಷ್ಟೇ. 4x4 ಮಾತೇ ಬೇಡ.

5ರಿಂದ 10 ಲಕ್ಷದ ಒಳಗಿನ ಗಾಡಿಗೆ ತೆರಿಗೆ ಶೇ. 14, ಸೆಸ್ಸು ಸೇರಿ 15.54. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,500 ಸಿಸಿ ಒಳಗಿನ ಡೀಸೆಲ್ ಗಾಡಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಮೊದಲು ಸೆಸ್ಸು ಸೇರಿ 31 ಇತ್ತು. ಬೊಲೆರೊ, ನಿಯೊ ಎರಡೂ ಈ ಲೆಕ್ಕದಲ್ಲಿ ಬರುತ್ತವೆ. ದೊಡ್ಡ ಗಾಡಿಗೆ ಶೇ. 40. ಅದಕ್ಕೇ ಎರಡರ ನಡುವೆ ಅಷ್ಟು ಅಂತರ.

ಹಳೆಯ ಗಾಡಿಗೆ ತೆರಿಗೆ ಮೊದಲಿನ ಮಾಲೀಕರು ಕಟ್ಟಿಯಾಗಿರುತ್ತದೆ. ನಮ್ಮ ರಾಜ್ಯದ ನೋಂದಣಿಯೇ ಆಗಿದ್ದರೆ ಆ ಎರಡೂವರೆ ಲಕ್ಷ ನಿಮಗೆ ಉಳಿತಾಯ. ಬಜೆಟ್ಟು ಬಿಗಿ ಇರೋರಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಯಾವ ಶೋರೂಂನವರೂ ಕೊಡಲ್ಲ.

ಎರೆಹೊಲ

ಹಳೆಯದು ಅಂದರೆ ಹೆಕ್ಸಾ ಕೂಡ ನೋಡಿ. ಟಾಟಾ 2017ರಲ್ಲಿ ತಂದು 2020ರಲ್ಲಿ ನಿಲ್ಲಿಸಿತು. ಚಾಸಿ ಗಾಡಿ, 2.2 ಡೀಸೆಲ್, 400 ಎನ್ಎಂ. ಮೂರನೇ ಸಾಲಿನಲ್ಲಿ ದೊಡ್ಡವರೂ ಕೂರಬಹುದು. ಹಳೆಯ ಮಾರ್ಕೆಟ್ಟಲ್ಲಿ ಕ್ರಿಸ್ಟಾಗಿಂತ ಎಷ್ಟೋ ಅಗ್ಗ. ಸುಮ್ನೆ ಯಾರೂ ಬೆಲೆ ಕೊಡಲಿಲ್ಲ ಆ ಗಾಡಿಗೆ.

ಗ್ಯಾರೇಜ್ ಬಾಗಿಲು

ಗಾಡಿ ಬಂಗಾರ. ಆದರೆ ಟವೇರಾ ಸ್ಪೇರ್ ಸಿಗಲ್ಲ ಅಂತ ಬಿಡೋರಿಗೆ ನಿಂತುಹೋದ ಇನ್ನೊಂದು ಗಾಡಿ ಹೇಳ್ತೀರಾ?

ಎರೆಹೊಲ

ಸರಿ, ಒಪ್ಪಿದೆ.

ಹತ್ತಿ ಗಿರಣಿ, ರಾಯಚೂರು

ಎಲ್ಲರೂ ಎಳೆಯೋ ತೂಕ ಮಾತ್ರ ನೋಡ್ತಿದ್ದೀರಿ. ನಿಜವಾದ ಸಮಸ್ಯೆ ಬೇರೆ ಇದೆ.

ಯಾವ ಗಾಡಿಗೂ ಎರಡು ತೂಕ ಇರುತ್ತವೆ. ಖಾಲಿ ತೂಕ, ತುಂಬಿದಾಗ ಇರಬಹುದಾದ ಗರಿಷ್ಠ ತೂಕ. ಎರಡೂ ಆರ್‌ಸಿಯಲ್ಲಿ ಬರೆದಿರುತ್ತವೆ. ಒಂದರಿಂದ ಇನ್ನೊಂದು ಕಳೆದರೆ ಗಾಡಿ ಎಷ್ಟು ಹೊರಬಹುದು ಅಂತ ಗೊತ್ತಾಗುತ್ತದೆ. ಈಗ ನಿಮ್ಮ ಮನೆ ಲೆಕ್ಕ ಹಾಕಿ. ಏಳು ಜನ ತಲಾ 60 ಕೆಜಿ ಅಂದರೂ 420. ಬಟ್ಟೆ ಚೀಲ, ನೀರಿನ ಕ್ಯಾನು, ಬುತ್ತಿ ಸೇರಿ ಇನ್ನೊಂದು 60. ಅಲ್ಲಿಗೆ 480. ಅದರ ಮೇಲೆ ಸರಿಯಾಗಿ ತುಂಬಿದ ಟ್ರಾಲಿಯ ಮೂತಿ 70 ಕೆಜಿ. ಹುಕ್ಕಿನ ಕಬ್ಬಿಣವೇ ಒಂದು 25 ಕೆಜಿ ಬರುತ್ತದೆ. ಒಟ್ಟು 575. ಇಷ್ಟು ಹೊರೋ ಶಕ್ತಿ ನೀವು ನೋಡೋ ಗಾಡಿಗೆ ಇದೆಯಾ? ಆರ್‌ಸಿ ತೆಗೆದು ನೋಡಿ. ಬಹಳಷ್ಟು ಗಾಡಿಗಳಲ್ಲಿ ಏಳು ಜನ ಕೂತರೆ ಮೂತಿ ಭಾರಕ್ಕೆ ಏನೂ ಉಳಿಯಲ್ಲ.

ಮೂರನೇ ಸಾಲು, ಟ್ರಾಲಿ ಎರಡೂ ಒಂದೇ ಜೇಬಿನಿಂದ ಖರ್ಚು ಮಾಡುತ್ತವೆ. ಮೇಲಾಗಿ ಎರಡೂ ಹಿಂದಿನ ಅಚ್ಚಿನ ಹತ್ತಿರ ಇಲ್ಲವೇ ಅದರ ಹಿಂದೆ ಬೀಳೋದು. ಹಿಂದಿನ ಸ್ಪ್ರಿಂಗು ಕೂತು ಹೋಗುತ್ತದೆ, ಮುಂದಿನ ಚಕ್ರ ಹಗುರ ಆಗುತ್ತದೆ, ರಾತ್ರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಏಳು ಜನರೂ ಟ್ರಾಲಿಯೂ ಒಂದೇ ಸಲಕ್ಕೆ ಬೇಕು ಅನ್ನೋ ಆಸೆ ಬಿಡಿ. ಟ್ರಾಲಿ ಕಟ್ಟಿದ ದಿನ ಮೂರು ನಾಲ್ಕು ಜನ. ಮನೆಮಂದಿ ಎಲ್ಲಾ ಹೊರಟ ದಿನ ಟ್ರಾಲಿ ಬೇಡ. ಹೀಗಾದರೆ 16 ಲಕ್ಷದಲ್ಲಿ ಗಾಡಿ ಸಿಗುತ್ತದೆ. ಎರಡೂ ಒಟ್ಟಿಗೆ ಅಂದರೆ 16 ಅಲ್ಲ, ಅದರ ಎರಡರಷ್ಟು ಇಟ್ಟುಕೊಂಡು ಬನ್ನಿ.

ಒಗ್ಗರಣೆ ಮಿರ್ಚಿ

ಜಾತ್ರೆಗೆ ಮೊದಲ ದಿನ ಹೋಗೋದು ನಾನು, ತಮ್ಮ, ಕೆಲಸದ ಹುಡುಗ ಮೂವರೇ. ಅವ್ವ, ಮಕ್ಕಳು ತೇರಿನ ದಿನ ಬರೋದು. ಹಾಗೆ ನೋಡಿದರೆ ಅವರು ಬಸ್ಸಿಗೂ ಬರಬಹುದು, ಇಲ್ಲವೇ ನಾನು ಟ್ರಾಲಿ ಅಲ್ಲಿ ಬಿಟ್ಟು ವಾಪಸ್ ಬಂದು ಕರೆದುಕೊಂಡು ಹೋಗಬಹುದು.

ಸಿರುಗುಪ್ಪದ ಸೊಸೆ

ಬಸ್ಸಿಗೆ ಶಕ್ತಿ ಯೋಜನೆ ಇದೆ, ಅವ್ವನಿಗೆ ಟಿಕೆಟ್ಟೂ ಇಲ್ಲ. ತೇರಿನ ದಿನ ಸೀಟು ಸಿಗೋದು ಮಾತ್ರ ದೇವರ ದಯೆ.

ಟೆಕ್ಸಾಸ್‌ನ ಮಾನ್ವಿಯವ

ಇಲ್ಲಿನದೂ ಸ್ವಲ್ಪ ಹೇಳ್ತೀನಿ, ಹೋಲಿಸೋಕೆ ಅಲ್ಲ, ಪದ್ಧತಿ ನೋಡೋಕೆ. ಅಮೆರಿಕದಲ್ಲಿ ಮೂರು ಸಾಲಿನ ಫ್ಯಾಮಿಲಿ ಗಾಡಿಗಳಾದ ಟೆಲುರೈಡ್, ಹೈಬ್ರಿಡ್ ಅಲ್ಲದ ಹೈಲ್ಯಾಂಡರ್, ಆಲ್ ವೀಲ್ ಡ್ರೈವ್ ಪೈಲಟ್ ಇವೆಲ್ಲ 5,000 ಪೌಂಡ್ ಎಳೆಯಬಹುದು. ಕೆಜಿಯಲ್ಲಿ ಸುಮಾರು 2,270. ಕಂಪನಿಯೇ ಅಂಕಿ ಬರೆದು ಕೊಡುತ್ತದೆ, ಹುಕ್ಕಿಗೂ ದರ್ಜೆ ಇವೆ. ಕ್ಲಾಸ್ 1 ಅಂದರೆ 2,000 ಪೌಂಡ್, ಕ್ಲಾಸ್ 2 ಅಂದರೆ 3,500. ಆದರೂ ಇಲ್ಲಿ ಜನ ಎಡವೋದು ಹತ್ತಿ ಗಿರಣಿ ಸರ್ ಹೇಳಿದ ಜಾಗದಲ್ಲೇ. 5,000 ಅನ್ನೋ ಅಂಕಿ ನೋಡಿ ದೊಡ್ಡ ಟ್ರೇಲರ್ ತರುತ್ತಾರೆ, ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ನೋಡಲ್ಲ. ಒಳಗೆ ಜನ ಮತ್ತು ಸಾಮಾನು ಎಷ್ಟಿರಬಹುದು ಅಂತ ಅದರಲ್ಲೇ ಬರೆದಿರುತ್ತದೆ.

ಗ್ಯಾರೇಜ್ ಬಾಗಿಲು

ಈಗ ಹುಕ್ಕಿನ ವಿಷಯ. ಇದರಲ್ಲೇ ಜಾಸ್ತಿ ಜನ ಮೋಸ ಹೋಗೋದು.

ಬಂಪರ್‌ಗೆ ವೆಲ್ಡಿಂಗ್ ಮಾಡಿ ಕೊಡೋ ಹುಕ್ಕು ಬೇಡವೇ ಬೇಡ. ಬಂಪರ್ ತಗಡಿನದು, ಇಲ್ಲವೇ ಪ್ಲಾಸ್ಟಿಕ್ಕು. ಮೊನ್ನೆ ಒಂದು ಗಾಡಿ ನಮ್ಮಲ್ಲಿಗೆ ಬಂತು. ಹುಕ್ಕು ಹಾಕಿದ್ದು ಎಕ್ಸಾಸ್ಟ್ ತೂಗುಹಾಕುವ ಬ್ರಾಕೆಟ್‌ಗೆ. ವೆಲ್ಡಿಂಗ್ ಸುತ್ತ ತುಕ್ಕು ಹಿಡಿದು, ಬ್ರಾಕೆಟ್ಟು ಅರ್ಧ ಹರಿದು ಬೆರಳಿನಲ್ಲಿ ಅಲ್ಲಾಡುತ್ತಿತ್ತು. ಅದರ ಮೇಲೆ ಜನರೇಟರ್ ಎಳೆದಿದ್ದಾರೆ. ಸರಿಯಾದ ಹುಕ್ಕು ಚಾಸಿಯ ಎರಡೂ ಕಡೆಯ ಉದ್ದ ಕಬ್ಬಿಣಕ್ಕೆ ಬೋಲ್ಟ್ ಆಗಬೇಕು. ಚಾಸಿಗೆ ಹೊಸ ತೂತು ಕೊರೆಯೋದು, ವೆಲ್ಡ್ ಮಾಡೋದು ಬೇಡ. ಕೆಲವು ಗಾಡಿಗೆ ಇರೋ ತೂತಿಗೇ ಕೂರುವ ಹುಕ್ಕು ಸಿಗುತ್ತದೆ.

ಗಾಡಿ ಜೊತೆ ಬರುವ ತಿರುಪಿನ ಕೊಂಡಿ ಇದೆಯಲ್ಲ, ಅದು ಕೆಟ್ಟು ನಿಂತಾಗ ಎಳೆಸಿಕೊಳ್ಳೋಕೆ. ಟ್ರಾಲಿ ಕಟ್ಟೋಕಲ್ಲ.

ಎರಡು ಸರಪಳಿ ಬೇಕು, ಮೂತಿ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಿ. ಪಿನ್ನು ಬಿಚ್ಚಿಕೊಂಡರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿ ಮೇಲೆ ಕೂರುತ್ತದೆ. ಬ್ರೇಕ್ ಲೈಟು, ಇಂಡಿಕೇಟರ್ ಟ್ರಾಲಿಗೂ ಬೇಕು. ತಂತಿಗೆ ಟೇಪ್ ಸುತ್ತಿ ಜೋಡಿಸಬೇಡಿ, ಏಳು ಪಿನ್ನಿನ ಸಾಕೆಟ್ ಹಾಕಿಸಿ. ಈಗಿನ ಗಾಡಿಗಳಲ್ಲಿ ಲೈಟಿನ ವೈರು ಕತ್ತರಿಸಿದರೆ ಡ್ಯಾಶ್‌ಬೋರ್ಡ್ ತುಂಬಾ ಕೆಂಪು ದೀಪ ಹತ್ತುತ್ತವೆ, ವಾರಂಟಿಯೂ ಹೋಗುತ್ತದೆ.

ಲೆಕ್ಕದ ಪುಸ್ತಕ

ಕಾನೂನೂ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್‌ಗೆ ಬೇರೆಯೇ ವ್ಯಾಖ್ಯೆ ಇದೆ, ಕಲಂ 2(46). ಅಂದರೆ ಗಾಡಿಯ ಬಾಲ ಅಂತ ಯಾರೂ ನೋಡಲ್ಲ. ಅದಕ್ಕೂ ನೋಂದಣಿ, ನಂಬರ್ ಪ್ಲೇಟು ಬೇಕು. ಟ್ರ್ಯಾಕ್ಟರ್ ಟ್ರಾಲಿಗೆ ಬೇರೆ ನಂಬರ್ ಇರೋದು ನೋಡಿಲ್ವಾ? ಗಾಡಿಗೆ ಏನಾದರೂ ಬದಲಾವಣೆ ಮಾಡಿಸಿದರೆ ಕಲಂ 52 ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಏನೂ ಮಾಡುವಂತಿಲ್ಲ.

ಜೊತೆಗೆ ನಿಮ್ಮದು ವ್ಯಾಪಾರದ ಸಾಮಾನು, ಗಾಡಿ ಬಿಳಿ ಬೋರ್ಡು. ಗಾಡಿ ಕೊಳ್ಳುವ ಮುಂಚೆಯೇ ಆರ್‌ಟಿಒ ಕಚೇರಿಗೆ ಟ್ರಾಲಿ ಫೋಟೋ, ಕಾಟಾ ಚೀಟಿ ಹಿಡಿದುಕೊಂಡು ಹೋಗಿ ಕೇಳಿ. ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ. ಇದನ್ನು ಬಿಟ್ಟರೆ ಅಪಘಾತ ಆದ ದಿನ ಕ್ಲೇಮು ತಿರಸ್ಕಾರ ಮಾಡೋಕೆ ಅವರಿಗೆ ಒಳ್ಳೆ ಕಾರಣ ಸಿಗುತ್ತದೆ.

ಬಿಸಿಲೂರು

ಇಷ್ಟು ರಗಳೆ ಇದ್ದರೆ ಎರ್ಟಿಗಾ ಒಂದು ತಗೊಂಡು, ಅಂಗಡಿಗೆ ಹಳೆಯ ಟಾಟಾ ಏಸ್ ತಗೊಳ್ಳೋದು ಒಳ್ಳೇದು. ಅಂಗಡಿಯನ್ನೇ ಏಸ್ ಮೇಲೆ ಕಟ್ಟಿಬಿಡಿ. ಟ್ರಾಲಿಯೂ ಬೇಡ, ಹುಕ್ಕೂ ಬೇಡ. ಅತ್ತಿಗೆ ಹೇಳಿದ ಮಾತೇ ಸರಿ ಅನ್ಸುತ್ತೆ ನನಗೆ.

ಒಗ್ಗರಣೆ ಮಿರ್ಚಿ

ಇದನ್ನ ನನ್ನಾಕೆಗೆ ತೋರಿಸಲ್ಲ. ಹಳದಿ ಬೋರ್ಡಿಗೆ ಪ್ರತಿ ವರ್ಷ ಇನ್ಶೂರೆನ್ಸ್, ಆಗಾಗ ಎಫ್‌ಸಿ ಅಂತ ಖರ್ಚು. ವರ್ಷದಲ್ಲಿ ಜಾತ್ರೆ ಇಲ್ಲದ ದಿನವೇ ಜಾಸ್ತಿ, ಬಿಸಿಲಲ್ಲಿ ನಿಂತಿರುತ್ತದೆ. ಟ್ರಾಲಿ ಆದರೆ ಹಿತ್ತಲಲ್ಲಿ ತಾಡಪಾಲು ಹೊದಿಸಿ ಬಿಡಬಹುದು. ಆದರೂ ಆರ್‌ಟಿಒದವರು ಆಗಲ್ಲ ಅಂದರೆ ಏಸೇ ಗತಿ.

ಡೀಸೆಲ್ ಕಾಕಾ

ಹಾಗಾದರೆ ಹಳೆಯ ಕ್ರಿಸ್ಟಾ ನೋಡು. 2.4 ಡೀಸೆಲ್ ಮ್ಯಾನುಯಲ್. 150 ಪಿಎಸ್, 343 ಎನ್ಎಂ. ನಿನ್ನ 750 ಕೆಜಿಗೆ ಬೇಕಾದಷ್ಟು. 2016ರಿಂದ ಮಾರಿದ್ದಾರೆ, ಐದಾರು ವರ್ಷ ಹಳೆಯದು ನಿನ್ನ ಬಜೆಟ್ಟಿಗೆ ಹೊಂದಿಸಬಹುದು.

ನೋಡುವಾಗ ಎಚ್ಚರ. ಕ್ರಿಸ್ಟಾಗಳಲ್ಲಿ ಟ್ಯಾಕ್ಸಿಗೆ ಓಡಿ ಆಮೇಲೆ ಬಿಳಿ ಬೋರ್ಡು ಆದವು ಬಹಳ. ಆರ್‌ಸಿ ಇತಿಹಾಸ ತೆಗೆಸು. ಮೀಟರ್ ನಂಬಬೇಡ. ಸರ್ವಿಸ್ ದಾಖಲೆ, ಕ್ಲಚ್ ಪೆಡಲ್ ರಬ್ಬರು, ಡ್ರೈವರ್ ಸೀಟಿನ ಅಂಚು, ಸ್ಟೀರಿಂಗಿನ ಹೊಳಪು ನಾಲ್ಕೂ ಒಂದೇ ಕಥೆ ಹೇಳಬೇಕು. ಮೀಟರ್‌ನಲ್ಲಿ ಅರವತ್ತು ಸಾವಿರ, ಪೆಡಲ್ ರಬ್ಬರು ಸವೆದು ಕಬ್ಬಿಣ ಕಾಣ್ತಿದ್ದರೆ ಎದ್ದು ಬಾ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಅಂತ ಅಲ್ಲಿಂದ ಅಗ್ಗಕ್ಕೆ ಬರುತ್ತವೆ. ಆಸೆ ಪಡಬೇಡ. ಎನ್‌ಒಸಿ, ಇಲ್ಲಿ ಮತ್ತೆ ತೆರಿಗೆ ಸೇರಿಸಿದರೆ ಅಗ್ಗ ಏನೂ ಉಳಿಯಲ್ಲ. ಕೆಎ 34, 35, 36, 37 ನೋಡು, ಮಾಲೀಕರ ಮನೆಗೇ ಹೋಗಿ ಮಾತಾಡಬಹುದು.

ಓಡಿಸೋದಕ್ಕೆ ಒಂದು ಮಾತು. ಟ್ರಾಲಿ ಕಟ್ಟಿದಾಗ 60 ದಾಟಬೇಡ. ಹೊಸಪೇಟೆ ಕಡೆ ಅದಿರು ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೆ ಟ್ರಾಲಿ ಓಲಾಡುತ್ತದೆ. ಆಗ ಬ್ರೇಕ್ ಒತ್ತಬೇಡ, ಸ್ಟೀರಿಂಗ್ ತಿರುಗಿಸಬೇಡ. ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮಾತ್ರ ಬಿಡು, ತಾನೇ ಸರಿ ಹೋಗುತ್ತದೆ. ರಿವರ್ಸ್‌ಗೆ ಸ್ಟೀರಿಂಗಿನ ಕೆಳಭಾಗ ಹಿಡಿ. ಟ್ರಾಲಿ ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸು. ಏರಿನಲ್ಲಿ ರಿವರ್ಸ್ ಬೇಡ, ಕ್ಲಚ್ಚು ಸುಟ್ಟು ವಾಸನೆ ಬರುತ್ತದೆ.

ಒಗ್ಗರಣೆ ಮಿರ್ಚಿ

ಬಳ್ಳಾರಿಯಲ್ಲಿ ಒಂದು ಕ್ರಿಸ್ಟಾ ಇದೆ ಅಂತ ಗೆಳೆಯ ಹೇಳಿದ್ದಾನೆ. ಒಬ್ಬರೇ ಮಾಲೀಕರು, ಕೆಎ 34. ಸೋಮವಾರ ಆರ್‌ಟಿಒಗೆ ಹೋಗ್ತೀನಿ. ಅಲ್ಲಿ ಹೂಂ ಅಂದರೆ ಮಾತ್ರ ಬಳ್ಳಾರಿಗೆ. ಮೊದಲು ಗ್ಲೋವ್ ಬಾಕ್ಸಿನ ಪುಸ್ತಕದಲ್ಲಿ ಟ್ರೇಲರ್ ಪುಟ, ಆಮೇಲೆ ಆರ್‌ಸಿಯ ಎರಡು ತೂಕ, ಆಮೇಲೆ ಬೆಲೆ. ಅಪ್ಪನನ್ನೂ ಕರೆದೊಯ್ದು ಮೂರನೇ ಸಾಲಿಗೆ ಹತ್ತಿಸಿ ನೋಡ್ತೀನಿ.

ಗ್ಯಾರೇಜ್ ಅಣ್ಣ, ಟ್ರಾಲಿಗೆ ಈಗ ಇರೋದು ಟ್ರ್ಯಾಕ್ಟರ್ ತರಹ ಪಿನ್ನು. ಗುಂಡನೆಯ ತಲೆಯ ಬಾಲ್ ಹುಕ್ಕು ಹಾಕಿಸಬೇಕಾ?

ಗ್ಯಾರೇಜ್ ಬಾಗಿಲು

ಹಾಕಿಸಿ. ಪಿನ್ನು ಸಡಿಲ ಇದ್ದರೆ ಪ್ರತಿ ಗುಂಡಿಗೂ ಟಕ್ ಟಕ್ ಹೊಡೆದು ತೂತು ಅಗಲ ಆಗುತ್ತದೆ. 50 ಎಂಎಂ ಬಾಲ್ ತಗೊಳ್ಳಿ, ಅದರ ಮೇಲೆ ಕೂರುವ ಬಟ್ಟಲೂ 50 ಎಂಎಂನದೇ ಇರಲಿ. ಆನ್‌ಲೈನ್‌ನಲ್ಲಿ 2 ಇಂಚಿನದು ಅಂತ ಅಮೆರಿಕದ ಅಳತೆಯವು ಬರುತ್ತವೆ, ಅವು 50.8. ನೋಡೋಕೆ ಒಂದೇ, ಬೆರೆಸಿ ಹಾಕಬೇಡಿ. ಹಾಕಿಸುವ ದಿನ ಟ್ರಾಲಿ ಟೈರೂ ನೋಡಿಕೊಳ್ಳಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಅಂತ ಇದ್ದರೆ 2016ರ 23ನೇ ವಾರದ್ದು, ಗ್ರಿಪ್ ಎಷ್ಟೇ ಇರಲಿ ಬದಲಿಸಿ.